ನೀರಿನೊಳಗಿನ ಮಾರ್ದನಿ: ಬೇಡದ ಸದ್ದನ್ನು ಬೇರ್ಪಡಿಸುವ ಬಗೆ

(ಸಂಸ್ಥೆಯ ವಾರ್ಷಿಕ ಸಮಾವೇಶದಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಉಪನ್ಯಾಸದ ಬರಹ ರೂಪ)



ವಿಜ್ಞಾನದ ಒಂದು ವಿಷಯವನ್ನು ಎಲ್ಲರಿಗೂ ತಿಳಿಯುವ ಹಾಗೆ ಹೇಳಬೇಕೆಂದು ಸಂಘಟಕರು ಕೇಳಿಕೊಂಡರು. ನಾನು ಆರಿಸಿಕೊಂಡ ವಿಷಯ ನೋಡಿ ನಿಮಗೆ ಆಶ್ಚರ್ಯವಾಗಬಹುದು. ಸಮುದ್ರ ನಮ್ಮಿಂದ ದೂರ. ಆದರೂ ನೀರಿನೊಳಗಿನ ಸದ್ದನ್ನು ಅಳೆಯುವ ವಿದ್ಯೆಯ ಬಗ್ಗೆ, ಅದರಲ್ಲೂ ಆ ಅಳತೆಯನ್ನು ಕೆಡಿಸುವ ಪ್ರತಿಧ್ವನಿಯ ಬಗ್ಗೆ ಮಾತನಾಡುತ್ತೇನೆ. ಇದು ನಮಗೆ ಯಾಕೆ ಬೇಕು ಎಂಬ ಪ್ರಶ್ನೆ ನಿಮ್ಮಲ್ಲಿ ಏಳುವುದು ಸಹಜ. ಉತ್ತರ ಹೇಳಿಯೇ ಮುಂದೆ ಹೋಗುತ್ತೇನೆ.

2024ರ ಜುಲೈ 16ರಂದು ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ಸಮೀಪದ ಶಿರೂರಿನಲ್ಲಿ ಗುಡ್ಡ ಕುಸಿದದ್ದು ನಿಮಗೆ ನೆನಪಿರಬೇಕು. ಹೆದ್ದಾರಿಯ ಮೇಲಿದ್ದ ಲಾರಿಯೊಂದು ಮಣ್ಣಿನ ಜೊತೆ ಗಂಗಾವಳಿ ನದಿಯ ಪಾಲಾಯಿತು. ನೀರು ಕೆಂಪಾಗಿ ಹರಿಯುತ್ತಿತ್ತು. ಅಂಥ ನೀರಿನಲ್ಲಿ ಕಣ್ಣು ಕೆಲಸ ಮಾಡುವುದಿಲ್ಲ. ನೌಕಾಪಡೆಯವರು ಸೋನಾರ್ ಹಿಡಿದು, ಅಂದರೆ ಸದ್ದು ಕಳಿಸಿ ಮರಳಿ ಬರುವ ಸದ್ದನ್ನು ಕೇಳಿ, ನದಿಯ ತಳವನ್ನು ಹುಡುಕಿದರು. ಸೆಪ್ಟೆಂಬರ್ 25ರಂದು ಲಾರಿಯನ್ನೂ ಅದರೊಳಗೆ ಉಳಿದಿದ್ದ ಚಾಲಕನ ದೇಹವನ್ನೂ ಮೇಲೆತ್ತಲಾಯಿತು. ಎರಡು ತಿಂಗಳಿಗೂ ಹೆಚ್ಚು ಕಾಲ ಒಂದು ಕುಟುಂಬ ಕಾದು ಕುಳಿತಿತ್ತು. ಯಂತ್ರಕ್ಕೆ ಕೇಳಿಸಿದ ಸದ್ದು ಲಾರಿಯದೋ, ಬಂಡೆಯದೋ, ನೀರಿನ ಮೇಲ್ಮೈಗೆ ಬಡಿದು ತಿರುಗಿದ್ದೋ ಎಂದು ತಿಳಿಯುವುದು ಅಂಥ ಮನೆಯವರ ಪಾಲಿಗೆ ಎಷ್ಟು ದೊಡ್ಡ ಮಾತು ಎಂದು ಯೋಚಿಸಿ.

ನಾವೂ ನದಿ ದಂಡೆಯ ಜನ. ಕುಡಚಿ ಮತ್ತು ಉಗಾರದ ನಡುವೆ ಕೃಷ್ಣೆ ಹರಿಯುತ್ತಾಳೆ. ಯಮಗರ್ಣಿಯ ಬಳಿ ವೇದಗಂಗೆ, ಸದಲಗಾದ ಬಳಿ ದೂಧಗಂಗೆ. 2019ರ ಆಗಸ್ಟ್ ತಿಂಗಳ ಮಹಾಪೂರವನ್ನು ಇಲ್ಲಿ ಕುಳಿತ ಯಾರೂ ಮರೆತಿಲ್ಲ. ನೀರಿನೊಳಗೆ ನೋಡುವ ವಿದ್ಯೆ ನಮಗೆ ಪರಕೀಯವಲ್ಲ.

ಬಾವಿಯಲ್ಲಿ ಕೂಗಿದವರಿಗೆ ಗೊತ್ತು

ಚಿಕ್ಕವರಿದ್ದಾಗ ಹೊಲದ ಬಾವಿಯಲ್ಲಿ ಬಗ್ಗಿ "ಓ" ಎಂದು ಕೂಗದವರು ನಮ್ಮಲ್ಲಿ ಯಾರೂ ಇಲ್ಲ. ಬಾವಿಯೂ "ಓ" ಎನ್ನುತ್ತದೆ. ವಿಜಯಪುರದ ಗೋಳಗುಮ್ಮಟಕ್ಕೆ ಶಾಲೆಯ ಪ್ರವಾಸ ಹೋದವರು ಇನ್ನೂ ದೊಡ್ಡ ಚಮತ್ಕಾರ ಕೇಳಿದ್ದೀರಿ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಗೋರಿ ಅದು. ಒಳಗಿನ ವ್ಯಾಸ ಸುಮಾರು 38 ಮೀಟರ್. ಮೇಲಿನ ಪಡಸಾಲೆಯಲ್ಲಿ ಈ ಕಡೆ ಪಿಸುಗುಟ್ಟಿದರೆ ಆ ಕಡೆ ಗೋಡೆಗೆ ಕಿವಿಯಿಟ್ಟವರಿಗೆ ಸ್ಪಷ್ಟ ಕೇಳಿಸುತ್ತದೆ. ಚಪ್ಪಾಳೆ ತಟ್ಟಿದರೆ ಮತ್ತೆ ಮತ್ತೆ ತಿರುಗಿ ಬರುತ್ತದೆ. ಇಂಥ ಗುಮ್ಮಟಗಳಲ್ಲಿ ಸದ್ದು ಹೇಗೆ ಹರಿಯುತ್ತದೆ ಎಂಬುದು ಸರ್ ಸಿ.ವಿ. ರಾಮನ್ ಅವರ ಆಸಕ್ತಿಯ ವಿಷಯವಾಗಿತ್ತು. 1921ರಲ್ಲಿ ಲಂಡನ್ನಿಗೆ ಹೋದಾಗ ಅಲ್ಲಿನ ಸೇಂಟ್ ಪಾಲ್ಸ್ ಚರ್ಚಿನ ಗುಮ್ಮಟವನ್ನು ಅವರು ಪರೀಕ್ಷಿಸಿದ್ದರು.

ಪ್ರವಾಸಿಗೆ ಪ್ರತಿಧ್ವನಿ ಮೋಜು. ಅಳತೆ ಮಾಡುವವನಿಗೆ ಅದೇ ತಲೆನೋವು. ಒಂದು ಉದಾಹರಣೆ ತೆಗೆದುಕೊಳ್ಳೋಣ. ನೀರಿನಲ್ಲಿ ಸದ್ದು ಕೇಳುವ ಮೈಕ್ರೋಫೋನಿಗೆ ಹೈಡ್ರೋಫೋನ್ ಎನ್ನುತ್ತಾರೆ. ಸದ್ದು ಹೊರಡಿಸುವ ಉಪಕರಣಕ್ಕೆ ಪ್ರಕ್ಷೇಪಕ ಎನ್ನೋಣ. ಹೊಸ ಹೈಡ್ರೋಫೋನ್ ಎಷ್ಟು ಸೂಕ್ಷ್ಮವಾಗಿ ಕೇಳುತ್ತದೆ ಎಂದು ತಿಳಿಯಬೇಕು. ಎರಡನ್ನೂ ನೀರಿನಲ್ಲಿ ಇಳಿಬಿಟ್ಟು, ಒಂದರಿಂದ ಸದ್ದು ಹೊರಡಿಸಿ ಇನ್ನೊಂದರಲ್ಲಿ ಅಳೆಯುತ್ತೇವೆ. ನಮಗೆ ಬೇಕಾದದ್ದು ನೇರವಾಗಿ ಬಂದ ಸದ್ದು ಮಾತ್ರ. ಆದರೆ ಮೇಲ್ಮೈ, ತಳ ಮತ್ತು ಗೋಡೆಗಳಿಗೆ ಬಡಿದ ಸದ್ದೂ ಬಂದು ಅದರ ಜೊತೆ ಬೆರೆಯುತ್ತದೆ. ನೇರ ಸದ್ದಿನ ಹತ್ತರಲ್ಲಿ ಒಂದರಷ್ಟು ಬಲದ ಪ್ರತಿಧ್ವನಿ ಬೆರೆತರೂ ಸಾಕು, ಉತ್ತರ ಹೆಚ್ಚುಕಡಿಮೆ ಒಂದು ಡೆಸಿಬೆಲ್‌ನಷ್ಟು ಮೇಲೆ ಕೆಳಗೆ ಆಗುತ್ತದೆ.

ನೀರಿನಲ್ಲಿ ಯಾಕೆ ಹೆಚ್ಚು ಕಷ್ಟ

ಒಂಬತ್ತನೆಯ ತರಗತಿಯ ಪಾಠ ನೆನಪಿಸಿಕೊಳ್ಳಿ. ಗಾಳಿಯಲ್ಲಿ ಪ್ರತಿಧ್ವನಿ ಬೇರೆಯಾಗಿ ಕೇಳಿಸಬೇಕಾದರೆ ಗೋಡೆ ಕನಿಷ್ಠ 17.2 ಮೀಟರ್ ದೂರ ಇರಬೇಕು. ಅಲ್ಲಿ ಶಬ್ದದ ವೇಗ ಸೆಕೆಂಡಿಗೆ 344 ಮೀಟರ್ ಎಂದು ಲೆಕ್ಕ. ನೀರಿನಲ್ಲಿ ಸದ್ದು ನಾಲ್ಕು ಪಟ್ಟಿಗಿಂತ ಹೆಚ್ಚು ವೇಗವಾಗಿ ಓಡುತ್ತದೆ. 1826ರಲ್ಲಿ ಕೊಲ್ಲಾಡಾನ್ ಮತ್ತು ಸ್ಟರ್ಮ್ ಎಂಬ ಇಬ್ಬರು ಜಿನೀವಾ ಸರೋವರದಲ್ಲಿ ನೀರೊಳಗೆ ಗಂಟೆ ಬಾರಿಸಿ, ಹದಿಮೂರು ಕಿಲೋಮೀಟರಿಗೂ ದೂರದಲ್ಲಿ ಕೇಳಿ, ಸೆಕೆಂಡಿಗೆ 1435 ಮೀಟರ್ ಎಂದು ಲೆಕ್ಕ ಹಾಕಿದರು. ಅಲ್ಲಿಯ ನೀರು 8 ಡಿಗ್ರಿಯಷ್ಟು ತಂಪಾಗಿತ್ತು. ನೀರು 20 ಡಿಗ್ರಿ ಇದ್ದರೆ ವೇಗ ಸುಮಾರು 1480 ಮೀಟರ್. ಹಾಗಾಗಿ ಪಾಠದ ಅದೇ ಲೆಕ್ಕದಂತೆ ಗೋಡೆ 74 ಮೀಟರ್ ದೂರ ಇರಬೇಕಾಗುತ್ತದೆ. ಸಣ್ಣ ತೊಟ್ಟಿಯಲ್ಲಿ ಪ್ರತಿಧ್ವನಿ ನೇರ ಸದ್ದಿನ ಬೆನ್ನಿಗೇ ಅಂಟಿಕೊಂಡು ಬರುತ್ತದೆ.

ಎರಡನೆಯ ಕಷ್ಟ ನೀರಿನ ಮೇಲ್ಮೈ. ಮೇಲೆ ಗೋಡೆಯೇ ಇಲ್ಲವಲ್ಲ, ಸದ್ದು ಗಾಳಿಗೆ ಹೋಗಿಬಿಡುತ್ತದೆ ಎಂದು ನೀವು ತಿಳಿಯಬಹುದು. ಹಾಗಲ್ಲ. ಒಂದು ವಸ್ತುವಿನ ಸಾಂದ್ರತೆಯನ್ನು ಅದರಲ್ಲಿ ಸದ್ದಿನ ವೇಗದಿಂದ ಗುಣಿಸಿದರೆ ಬರುವ ಸಂಖ್ಯೆ ಇಲ್ಲಿ ಮುಖ್ಯ. ಎರಡು ವಸ್ತುಗಳ ಈ ಸಂಖ್ಯೆ ಹತ್ತಿರ ಇದ್ದರೆ ಸದ್ದು ಒಂದರಿಂದ ಇನ್ನೊಂದಕ್ಕೆ ಸರಾಗವಾಗಿ ದಾಟುತ್ತದೆ, ದೂರ ಇದ್ದರೆ ತಿರುಗಿ ಬೀಳುತ್ತದೆ. ನೀರಿನ ಸಂಖ್ಯೆ ಗಾಳಿಯದಕ್ಕಿಂತ ಸುಮಾರು 3500 ಪಟ್ಟು ದೊಡ್ಡದು. ಆದ್ದರಿಂದ ಮೇಲ್ಮೈಗೆ ನೇರವಾಗಿ ಬಡಿದ ಸದ್ದಿನ ಶಕ್ತಿಯಲ್ಲಿ ಗಾಳಿಗೆ ಹೋಗುವುದು ಸಾವಿರದಲ್ಲಿ ಒಂದು ಪಾಲು ಮಾತ್ರ. ಉಳಿದದ್ದೆಲ್ಲ ಕೆಳಗೆ ಬರುತ್ತದೆ, ಅದೂ ತಲೆಕೆಳಗಾಗಿ: ಏರಿದ್ದು ಇಳಿದು, ಇಳಿದದ್ದು ಏರಿ. ದಪ್ಪ ಸಿಮೆಂಟ್ ಗೋಡೆಯಿಂದ ಸುಮಾರು ಅರ್ಧ ಶಕ್ತಿ ತಿರುಗುತ್ತದೆ. ಅಂದರೆ ಕಾಣುವ ಗೋಡೆಗಿಂತ ಕಾಣದ ಗೋಡೆಯೇ ಗಟ್ಟಿ.

ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಮಾಡುವಾಗ ಹೊಟ್ಟೆಯ ಮೇಲೆ ತಣ್ಣಗಿನ ಜೆಲ್ ಹಚ್ಚುವುದು ಇದೇ ಕಾರಣಕ್ಕೆ. ಯಂತ್ರಕ್ಕೂ ಚರ್ಮಕ್ಕೂ ನಡುವೆ ಕೂದಲೆಳೆಯಷ್ಟು ಗಾಳಿ ಇದ್ದರೂ ಸದ್ದು ಒಳಗೆ ಹೋಗದೆ ಹಿಂದಿರುಗುತ್ತದೆ.

ನನ್ನದೇ ಒಂದು ತಪ್ಪು

ನಾನು ಓದುವ ಕಾಲದಲ್ಲಿ ಒಂದು ಪ್ರಯೋಗಾಲಯದ ಸಿಮೆಂಟ್ ತೊಟ್ಟಿಯಲ್ಲಿ ಅಳತೆ ಮಾಡುತ್ತಿದ್ದೆ. ತೊಟ್ಟಿ ನಾಲ್ಕು ಮೀಟರ್ ಆಳ. ಉಪಕರಣಗಳೆರಡೂ ನೀರಿನ ಮೇಲ್ಮೈಯಿಂದ ಸುಮಾರು 1.4 ಮೀಟರ್ ಕೆಳಗೆ, ಒಂದಕ್ಕೊಂದು ಒಂದು ಮೀಟರ್ ದೂರದಲ್ಲಿ ತೂಗುತ್ತಿದ್ದವು. ನಿರಂತರವಾಗಿ ಸದ್ದು ಹೊರಡಿಸುತ್ತ, ಆವೃತ್ತಿಯನ್ನು ಮೆಲ್ಲಗೆ ಏರಿಸುತ್ತ ಹೋದೆ. ನಕ್ಷೆಯಲ್ಲಿ ಅಂದವಾದ ಅಲೆಗಳು ಬಂದವು. ಹೆಚ್ಚುಕಡಿಮೆ ಪ್ರತಿ 740 ಹರ್ಟ್ಸ್‌ಗೆ ಒಂದು ಏರು. ಇದು ಉಪಕರಣದ ವಿಶೇಷ ಗುಣ ಎಂದು ಬರೆದು, ಎರಡು ಪುಟ ವಿವರಣೆಯನ್ನೂ ಕೊಟ್ಟು ಗುರುಗಳ ಮುಂದೆ ಇಟ್ಟೆ.

ಅವರು ಓದಿದರು, ಬೈಯಲಿಲ್ಲ. "ಎರಡನ್ನೂ ಒಂದು ಗೇಣು ಮೇಲಕ್ಕೆ ಎತ್ತಿ ಮತ್ತೆ ಮಾಡಿಕೊಂಡು ಬಾ" ಎಂದರಷ್ಟೆ. ಮಾಡಿದೆ. ಅಲೆಗಳ ನಡುವಿನ ಅಂತರ 740ರಿಂದ 925ಕ್ಕೆ ಹೋಯಿತು. ಉಪಕರಣದ ಗುಣ ಗೇಣು ಎತ್ತಿದರೆ ಬದಲಾಗುವುದಿಲ್ಲವಲ್ಲ! ಆಗ ಲೆಕ್ಕ ಮಾಡಿ ನೋಡಿದೆ. ಮೇಲ್ಮೈಗೆ ಬಡಿದು ಬರುವ ದಾರಿ ನೇರ ದಾರಿಗಿಂತ ಮೊದಲು 2 ಮೀಟರ್ ಉದ್ದ ಇತ್ತು. ಎತ್ತಿದ ಮೇಲೆ 1.6 ಮೀಟರ್ ಆಯಿತು. 1480ನ್ನು 2ರಿಂದ ಭಾಗಿಸಿದರೆ 740, 1.6ರಿಂದ ಭಾಗಿಸಿದರೆ 925. ನಾನು ಅಳೆದದ್ದು ಉಪಕರಣವನ್ನಲ್ಲ, ತೊಟ್ಟಿಯ ನೀರಿನ ಮೇಲ್ಮೈಯನ್ನು. ಎರಡು ಪುಟ ಹರಿದು ಹಾಕಿದೆ. ಆದರೆ ಆ ದಿನ ಕಲಿತದ್ದು ಇವತ್ತಿಗೂ ನನ್ನ ಜೊತೆ ಇದೆ. ಸಂಶಯ ಬಂದರೆ ಜಾಗ ಬದಲಿಸಿ ನೋಡಬೇಕು. ಜಾಗದ ಜೊತೆ ಬದಲಾಗುವುದು ಪ್ರತಿಧ್ವನಿ, ಬದಲಾಗದೆ ಉಳಿಯುವುದು ನಿಜ.

ಪ್ರತಿಧ್ವನಿಯನ್ನು ದೂರವಿಡುವ ದಾರಿಗಳು

ಮೊದಲನೆಯ ದಾರಿ ಕಾಲದ ಕಿಟಕಿ. ಸದ್ದನ್ನು ನಿರಂತರ ಬಿಡದೆ ಚಿಕ್ಕ ತುಣುಕಾಗಿ ಬಿಡುವುದು. ನೇರ ಸದ್ದು ಬಂದ ಕ್ಷಣ ಕಿಟಕಿ ತೆರೆದು ಅಳೆದು, ಮೊದಲ ಪ್ರತಿಧ್ವನಿ ಬರುವ ಮೊದಲೇ ಮುಚ್ಚಿಬಿಡುವುದು. ನಮ್ಮ ಹೊಲದ ಬಾವಿಯನ್ನೇ ಪ್ರಯೋಗಾಲಯ ಎಂದುಕೊಳ್ಳಿ. ಅಗಲ 6 ಮೀಟರ್, ನೀರಿನ ಆಳ 4 ಮೀಟರ್. ಉಪಕರಣಗಳು ನಡುನೀರಿನಲ್ಲಿ, ಅಂದರೆ 2 ಮೀಟರ್ ಆಳದಲ್ಲಿ, ಒಂದು ಮೀಟರ್ ಅಂತರದಲ್ಲಿವೆ. ಪೈಥಾಗೊರಸ್ ಪ್ರಮೇಯ ಹಾಕಿದರೆ ಮೇಲ್ಮೈಗೆ ಬಡಿದು ಬರುವ ದಾರಿ 4.12 ಮೀಟರ್. ನೇರ ದಾರಿಗಿಂತ 3.12 ಮೀಟರ್ ಹೆಚ್ಚು. 1480ರಿಂದ ಭಾಗಿಸಿ: ಸುಮಾರು 2.1 ಮಿಲಿಸೆಕೆಂಡ್. ನಿಮ್ಮ ಕಿಟಕಿ ಅಷ್ಟೇ. ಸದ್ದಿನ ಆವೃತ್ತಿ 10,000 ಹರ್ಟ್ಸ್ ಇದ್ದರೆ ಅಷ್ಟರಲ್ಲಿ 21 ಅಲೆಗಳು ಸಿಗುತ್ತವೆ, ಧಾರಾಳವಾಯಿತು. 1000 ಹರ್ಟ್ಸ್ ಇದ್ದರೆ ಎರಡೇ ಅಲೆ. ಉಪಕರಣ ಕಂಪಿಸಲು ಆರಂಭಿಸಿ ಸ್ಥಿರಗೊಳ್ಳುವುದಕ್ಕೇ ಕೆಲವು ಅಲೆಗಳು ಬೇಕು. ಎರಡರಲ್ಲಿ ಏನು ಅಳೆಯುವುದು? ಹಾಗಾಗಿ ತಗ್ಗು ಆವೃತ್ತಿಯೇ ಈ ವಿದ್ಯೆಯ ನಿಜವಾದ ಪರೀಕ್ಷೆ.

ಎರಡನೆಯ ದಾರಿ ಜಾಗ ಮತ್ತು ಸ್ಥಾನ. ಉಪಕರಣಗಳನ್ನು ಹತ್ತಿರ ತಂದಷ್ಟೂ ನೇರ ಸದ್ದು ಬಲವಾಗುತ್ತದೆ. ಅಂತರ ಅರ್ಧ ಮಾಡಿದರೆ 6 ಡೆಸಿಬೆಲ್ ಏರುತ್ತದೆ, ಪ್ರತಿಧ್ವನಿ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಆದರೆ ತೀರ ಹತ್ತಿರ ತಂದರೆ ಬೇರೆ ತೊಂದರೆ ಇದೆ, ಪ್ರಕ್ಷೇಪಕದ ಪಕ್ಕದಲ್ಲೇ ಸದ್ದಿನ ಅಲೆ ಇನ್ನೂ ಸಮನಾಗಿ ಹರಡಿರುವುದಿಲ್ಲ. ದುಂಡು ಬಾವಿಗೆ ಇನ್ನೊಂದು ದೋಷ. ನಡುವಿನಿಂದ ಅರ್ಧ ಮೀಟರ್ ಈಚೆ ಪ್ರಕ್ಷೇಪಕ, ಅರ್ಧ ಮೀಟರ್ ಆಚೆ ಹೈಡ್ರೋಫೋನ್ ಇಟ್ಟರೆ ದುಂಡು ಗೋಡೆಯ ಎಲ್ಲ ಕಡೆಯಿಂದ ತಿರುಗಿದ ಸದ್ದು ಒಟ್ಟಾಗಿ ಹೈಡ್ರೋಫೋನ್ ಇದ್ದಲ್ಲಿಯೇ ಬಂದು ಸೇರುತ್ತದೆ. ಗೋಳಗುಮ್ಮಟದ ಬಾಗಿದ ಗೋಡೆಯಂತೆ ಇಲ್ಲಿಯೂ ದುಂಡುಗೋಡೆ ಸದ್ದನ್ನು ಚದುರಿ ಹೋಗಲು ಬಿಡುವುದಿಲ್ಲ. ಪರೀಕ್ಷಾ ತೊಟ್ಟಿಗಳನ್ನು ಚೌಕವಾಗಿ ಕಟ್ಟಿದರೆ ಈ ಕೂಡಿಕೆ ತಪ್ಪುತ್ತದೆ. ಒಂದು ತುಣುಕು ಬಿಟ್ಟ ಮೇಲೆ ಹಳೆಯ ಸದ್ದೆಲ್ಲ ಅಡಗುವವರೆಗೆ ಕಾದು ಮುಂದಿನದನ್ನು ಬಿಡಬೇಕು ಎಂಬುದನ್ನೂ ಮರೆಯಬಾರದು.

ಮೂರನೆಯ ದಾರಿ ಗೋಡೆಗೆ ಹೊದಿಕೆ. ಧ್ವನಿಮುದ್ರಣ ಕೋಣೆಗಳ ಗೋಡೆಗೆ ಸ್ಪಂಜು ಅಂಟಿಸಿದ್ದನ್ನು ನೀವು ನೋಡಿರಬಹುದು. ಅದನ್ನೇ ನೀರಿನಲ್ಲಿ ಹಾಕಿದರೆ ಆಯಿತಲ್ಲ ಎಂದರೆ, ಆಗದು. ಥರ್ಮೋಕೋಲಿನಲ್ಲಿ, ಮುಚ್ಚಿದ ರಂಧ್ರಗಳ ಸ್ಪಂಜಿನಲ್ಲಿ ತುಂಬಿರುವುದು ಗಾಳಿ. ನೀರಿನ ಸದ್ದಿಗೆ ಗಾಳಿ ಎಂದರೆ ಕನ್ನಡಿ. ಸದ್ದನ್ನು ನುಂಗುವ ಬದಲು ಪೂರ್ತಿ ತಿರುಗಿಸಿಬಿಡುತ್ತದೆ. ನೀರಿನಲ್ಲಿ ಬೇಕಾದದ್ದು ರಬ್ಬರಿನಂಥ ವಸ್ತು. ಮೇಲೆ ಹೇಳಿದ ಆ ಸಂಖ್ಯೆ ರಬ್ಬರಿನಲ್ಲಿ ನೀರಿಗೆ ಹತ್ತಿರವಾಗಿದೆ. ಹಾಗಾಗಿ ಸದ್ದು ಬಾಗಿಲಲ್ಲಿ ತಡೆಯಿಲ್ಲದೆ ಒಳಗೆ ಹೋಗುತ್ತದೆ, ಒಳಗಿನ ಘರ್ಷಣೆಯಲ್ಲಿ ಸಿಕ್ಕಿ ಶಾಖವಾಗಿ ಕರಗುತ್ತದೆ. ರಬ್ಬರಿನೊಳಗೆ ಲೆಕ್ಕ ಹಾಕಿ ಸಣ್ಣ ಪೊಳ್ಳುಗಳನ್ನು ಬಿಟ್ಟರೆ ಈ ನುಂಗುವಿಕೆ ಹೆಚ್ಚುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಕೆಲವು ಜಲಾಂತರ್ಗಾಮಿಗಳಿಗೆ ಇಂಥ ರಬ್ಬರ್ ಹಾಳೆ ಹೊದಿಸಿ ಶತ್ರುವಿನ ಸೋನಾರ್‌ನಿಂದ ಬಚ್ಚಿಡಲು ನೋಡಿದ್ದರು. ಮರದ ಚೂಪು ಬೆಣೆಗಳನ್ನು, ಮರದ ಹೊಟ್ಟು ಬೆರೆಸಿದ ಸಿಮೆಂಟಿನ ಬೆಣೆಗಳನ್ನು ಸಾಲಾಗಿ ಜೋಡಿಸುವ ಪದ್ಧತಿಯೂ ಇದೆ. ಚೂಪು ತುದಿಯಿಂದ ಬುಡದ ಕಡೆ ವಸ್ತು ಮೆಲ್ಲಗೆ ದಪ್ಪವಾಗುವುದರಿಂದ ಸದ್ದಿಗೆ ಗೋಡೆ ಬಂದದ್ದೇ ತಿಳಿಯುವುದಿಲ್ಲ.

ಆದರೆ ಬೆಣೆಯ ಉದ್ದ ತರಂಗದೂರದ ಕಾಲು ಭಾಗದಷ್ಟಾದರೂ ಇರಬೇಕು. 10,000 ಹರ್ಟ್ಸ್‌ಗೆ ಅದು 3.7 ಸೆಂಟಿಮೀಟರ್. 1000 ಹರ್ಟ್ಸ್‌ಗೆ 37 ಸೆಂಟಿಮೀಟರ್. 100 ಹರ್ಟ್ಸ್‌ಗೆ 3.7 ಮೀಟರ್. ಅಷ್ಟುದ್ದದ ಬೆಣೆ ಹಾಕಿದರೆ ಬಾವಿಯಲ್ಲಿ ನೀರಿಗೇ ಜಾಗ ಉಳಿಯುವುದಿಲ್ಲ!

ನಾಲ್ಕನೆಯದು ಸ್ವಚ್ಛತೆ. ಉಪಕರಣದ ಮೈಗೆ ಅಂಟಿದ ಒಂದೊಂದು ಗುಳ್ಳೆಯೂ ಗಾಳಿಯೇ. ಆದ್ದರಿಂದ ಹೈಡ್ರೋಫೋನನ್ನು ಸಾಬೂನು ನೀರಿನಿಂದ ಒರೆಸಿ, ನೀರಿನಲ್ಲಿ ಬಹಳ ಹೊತ್ತು ನೆನೆಸಿಟ್ಟು, ನೀರಿನ ಬಿಸಿಗೆ ಹೊಂದಿಕೊಂಡ ಮೇಲೆಯೇ ಅಳೆಯಬೇಕು. ಆಗ ತಾನೇ ನಲ್ಲಿಯಿಂದ ತುಂಬಿದ ತೊಟ್ಟಿಯಲ್ಲಿ ಅವಸರ ಮಾಡಬಾರದು.

ಇನ್ನು ನೀರೆತ್ತುವ ಪಂಪಿನಂತೆ ಸುಮ್ಮನಾಗದೆ ಸದ್ದು ಮಾಡುವ ಯಂತ್ರವನ್ನು ಅಳೆಯಬೇಕಾದರೆ ತುಣುಕು ಮಾಡಲು ಬರುವುದಿಲ್ಲ. ಆಗ ಕೆಲವರು ಉಲ್ಟಾ ದಾರಿ ಹಿಡಿಯುತ್ತಾರೆ. ಪ್ರತಿಧ್ವನಿಯನ್ನು ಓಡಿಸದೆ ತೊಟ್ಟಿಯ ತುಂಬ ಬೆರೆಯಲು ಬಿಟ್ಟು, ಹಲವು ಜಾಗಗಳಲ್ಲಿ ಅಳೆದು ಸರಾಸರಿ ತೆಗೆದು, ಒಟ್ಟು ಶಕ್ತಿಯನ್ನು ಲೆಕ್ಕ ಹಾಕುತ್ತಾರೆ. ಓಡಿಸಲಾಗದ ಪ್ರತಿಧ್ವನಿ ಅಲ್ಲಿ ಲೆಕ್ಕದ ಭಾಗವೇ ಆಗುತ್ತದೆ.

ನಮ್ಮ ದೇಶದಲ್ಲಿ ಈ ಕೆಲಸ

ಈ ಕೆಲಸ ವಿದೇಶದಲ್ಲಿ ಮಾತ್ರ ನಡೆಯುತ್ತದೆ ಎಂದು ತಿಳಿಯಬೇಡಿ. 1993ರಲ್ಲಿ ಆರಂಭವಾದ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯಲ್ಲಿ ಇದಕ್ಕೆಂದೇ ಪರೀಕ್ಷಾ ತೊಟ್ಟಿ ಇದೆ. ಉದ್ದ 16 ಮೀಟರ್, ಅಗಲ 9 ಮೀಟರ್, ಆಳ 7 ಮೀಟರ್. ನಮ್ಮ ಬಾವಿಯ ಲೆಕ್ಕವನ್ನು ಅಲ್ಲಿಗೆ ಹಾಕಿ ನೋಡಿ. ನಡುನೀರಿನಲ್ಲಿ ಒಂದು ಮೀಟರ್ ಅಂತರದಲ್ಲಿ ಉಪಕರಣಗಳನ್ನು ಇಟ್ಟರೆ ಕಿಟಕಿ 4.1 ಮಿಲಿಸೆಕೆಂಡ್, ಬಾವಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು.

ತೊಟ್ಟಿಯೂ ಸಾಲದಾದಾಗ ಸರೋವರಕ್ಕೆ ಹೋಗಬೇಕು. ಕೊಚ್ಚಿಯ ನೌಕಾ ಭೌತ ಮತ್ತು ಸಾಗರ ವಿಜ್ಞಾನ ಪ್ರಯೋಗಾಲಯಕ್ಕೆ ಕೇರಳದ ಇಡುಕ್ಕಿ ಜಲಾಶಯದ ಕುಳಮಾವು ಎಂಬಲ್ಲಿ ಪರೀಕ್ಷಾ ಕೇಂದ್ರವಿದೆ. 2024ರ ಏಪ್ರಿಲ್‌ನಲ್ಲಿ ಅಲ್ಲಿ ಸೋನಾರ್ ಪರೀಕ್ಷೆಗೆಂದು ತೇಲುವ ಮತ್ತು ಮುಳುಗುವ ಹೊಸ ವೇದಿಕೆಯೊಂದು ಉದ್ಘಾಟನೆಯಾಯಿತು. ಬೆಟ್ಟಗಳ ನಡುವಿನ ಜಲಾಶಯವೇ ಯಾಕೆ? ಅಲ್ಲಿ ಸಮುದ್ರದ ಅಲೆ ಇಲ್ಲ, ಹಡಗುಗಳ ಗದ್ದಲ ಇಲ್ಲ, ದಂಡೆ ದೂರ, ತಳ ಆಳ. ನೀರು 30 ಮೀಟರ್ ಆಳ ಇದ್ದರೂ ನಡುವಿನಲ್ಲಿ ಕಿಟಕಿ ಸುಮಾರು 19 ಮಿಲಿಸೆಕೆಂಡ್ ಸಿಗುತ್ತದೆ. ಬಾವಿಯಲ್ಲಿ ಎರಡೇ ಅಲೆ ಕೊಟ್ಟ 1000 ಹರ್ಟ್ಸ್ ಸದ್ದು ಅಲ್ಲಿ 19 ಅಲೆ ಕೊಡುತ್ತದೆ. ಸೋನಾರ್‌ಗಳನ್ನು ತಯಾರಿಸುವ ಭಾರತ್ ಎಲೆಕ್ಟ್ರಾನಿಕ್ಸ್ ಇರುವುದು ನಮ್ಮ ಬೆಂಗಳೂರಿನಲ್ಲೇ. 1966ರಲ್ಲಿ ಆರಂಭವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ನೆರೆಯ ಗೋವಾದಲ್ಲಿದೆ.

ವಿದ್ಯಾರ್ಥಿಗಳಿಗೆ ಎರಡು ಮಾತು

ಮೇಲಿನ ಲೆಕ್ಕಗಳಲ್ಲಿ ಬಂದದ್ದು ಏನು ಎಂದು ಒಮ್ಮೆ ನೋಡಿ. ಪೈಥಾಗೊರಸ್ ಪ್ರಮೇಯ, ದೂರವನ್ನು ವೇಗದಿಂದ ಭಾಗಿಸುವುದು, ತರಂಗದೂರದ ಸೂತ್ರ. ಎಲ್ಲವೂ ಎಸ್ಸೆಸ್ಸೆಲ್ಸಿ ಮುಗಿಯುವುದರೊಳಗೆ ನೀವು ಓದುವಂಥವೇ. ಉರ್ದು ಮಾಧ್ಯಮದಲ್ಲಿ ಓದಿರಲಿ, ಕನ್ನಡ ಇಲ್ಲವೇ ಮರಾಠಿ ಮಾಧ್ಯಮದಲ್ಲಿ ಓದಿರಲಿ, ಈ ಲೆಕ್ಕ ಒಂದೇ. "ಇದು ನಮ್ಮಂಥವರಿಗಲ್ಲ" ಎಂಬ ಮಾತನ್ನು ನಮ್ಮ ಮನೆಗಳಲ್ಲಿ ಬಹಳ ಸಲ ಕೇಳಿದ್ದೇನೆ. ಹೆಣ್ಣುಮಕ್ಕಳಿಗೆ ಇನ್ನೂ ಹೆಚ್ಚು ಸಲ ಹೇಳುತ್ತಾರೆ. ಆ ಮಾತು ಎಲ್ಲಿಂದ ಹೊರಟಿತು ಎಂದು ವಿಚಾರಿಸಿದರೆ ಹೇಳಿದವರಿಗೇ ಗೊತ್ತಿರುವುದಿಲ್ಲ. ಯಾರೋ ಅಂದದ್ದು ಗೋಡೆಯಿಂದ ಗೋಡೆಗೆ ಬಡಿದು ನಮ್ಮವರೆಗೆ ಬಂದಿದೆ, ಅಷ್ಟೆ.

ಮನೆಗೆ ಹೋಗಿ ಒಂದು ಪ್ರಯೋಗ ಮಾಡಿ. ಖಾಲಿ ಕೋಣೆಯಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ ಮೊಬೈಲಿನಲ್ಲಿ ಧ್ವನಿ ಮುದ್ರಿಸಿ. ಅದೇ ಕೋಣೆಯಲ್ಲಿ ಗಾದಿ, ಕೌದಿಗಳನ್ನು ಗೋಡೆಗೆ ಒರಗಿಸಿ ಮತ್ತೆ ಮುದ್ರಿಸಿ. ಎರಡರ ಅಲೆಗಳ ಚಿತ್ರವನ್ನು ಪಕ್ಕ ಪಕ್ಕ ಇಟ್ಟು ನೋಡಿ. ಎರಡನೆಯದರಲ್ಲಿ ಬಾಲ ಬೇಗ ಅಡಗುವುದು ಕಣ್ಣಿಗೆ ಕಾಣುತ್ತದೆ. ಬಾವಿಯ ಹತ್ತಿರ ಮಾತ್ರ ಒಬ್ಬರೇ ಹೋಗಬೇಡಿ, ನೀರಿನ ಹತ್ತಿರ ಮನೆಯ ಕರೆಂಟಿನ ಉಪಕರಣ ಒಯ್ಯಬೇಡಿ.

ಕೊನೆಯ ಮಾತು. ಈಗ ಎಲ್ಲರ ಕೈಯಲ್ಲಿ ಮೊಬೈಲ್ ಇದೆ, ಒಂದೇ ಸುದ್ದಿ ಹತ್ತು ಕಡೆಯಿಂದ ಬರುತ್ತದೆ. ಹತ್ತು ಸಲ ಕೇಳಿದ್ದರಿಂದ ಅದು ಹತ್ತು ಸಾಕ್ಷಿ ಆಗುವುದಿಲ್ಲ, ಒಂದೇ ಕೂಗಿನ ಹತ್ತು ಮಾರ್ದನಿ ಇರಬಹುದು. ಮೊದಲು ಹೊರಟ ಸದ್ದು ಯಾವುದು ಎಂದು ಹುಡುಕಿ. ಒಂದು ಗೇಣು ಆಚೆ ನಿಂತು ಮತ್ತೆ ಅಳೆದು ನೋಡಿ. ನನ್ನ ಗುರುಗಳು ನನಗೆ ಕಲಿಸಿದ್ದು ಅದನ್ನೇ. ಅದನ್ನೇ ನಿಮ್ಮ ಕೈಗೆ ಕೊಡುತ್ತಿದ್ದೇನೆ.